ಕೆಸರು ಕಾಪಾಡಿದ ಜೀವಗಳು

ಗ್ರಾನೈಟಿನ ಗಟ್ಟಿತನವನ್ನು ಎಲ್ಲರೂ ಹೊಗಳುತ್ತಾರೆ. ನನ್ನ ಮೆಚ್ಚುಗೆ ಪದರ ಪದರವಾಗಿ ಸೀಳುವ ಶೇಲ್ ಕಲ್ಲಿಗೆ. ಕೆನಡಾದ ರಾಕಿ ಪರ್ವತಗಳಲ್ಲಿರುವ ಬರ್ಜೆಸ್ ಶೇಲನ್ನೇ ನೋಡಿ. ಸುಮಾರು 50 ಕೋಟಿ ವರ್ಷಗಳ ಹಿಂದೆ ಕಡಲಡಿಯಲ್ಲಿ ಜಾರಿಬಂದ, ಮುಂದೆ ಗಟ್ಟಿಯಾಗಿ ಈ ಶೇಲ್ ಆದ ನುಣುಪು ಕೆಸರು ಅಲ್ಲಿನ ಜೀವಿಗಳನ್ನು ಒಮ್ಮೆಗೇ ಹೂತುಹಾಕಿತು. ಆಮ್ಲಜನಕ ಸುಳಿಯದ ಕಡೆ ಕೊಳೆಯುವುದು ನಿಧಾನ. ಹಾಗಾಗಿ ಚಿಪ್ಪು, ಮೂಳೆ ಯಾವುದೂ ಇಲ್ಲದ ಮೆತ್ತನೆಯ ದೇಹಗಳೂ ಅಚ್ಚೊತ್ತಿ ಉಳಿದವು: ಕರುಳು, ಕಿವಿರು, ಒಪಬೀನಿಯಾ ಎಂಬ ಪ್ರಾಣಿಯ ಐದು ಕಣ್ಣು! ಮರಳುಗಲ್ಲಿನ ದಪ್ಪ ಕಣಗಳಲ್ಲಿ ಇಷ್ಟು ನವಿರಾದ ಕುಸುರಿ ಮೂಡುವುದು ಕಷ್ಟ. 1909ರಲ್ಲಿ ಬರ್ಜೆಸ್ ಶೇಲನ್ನು ಕಂಡ ಭೂವಿಜ್ಞಾನಿ ಚಾರ್ಲ್ಸ್ ವಾಲ್ಕಾಟ್, ಮುಂದಿನ ವರ್ಷಗಳಲ್ಲಿ ಸುಮಾರು 65,000 ಮಾದರಿ ಸಂಗ್ರಹಿಸಿದರು. ಇಂದು ಆ ಜಾಗಕ್ಕೆ ಮಾರ್ಗದರ್ಶಕರ ಜೊತೆಗಷ್ಟೇ ಪ್ರವೇಶ. ಒಂದು ಚೂರನ್ನೂ ಹೊರಗೆ ಒಯ್ಯುವಂತಿಲ್ಲ.