‘ಸುಸ್ಥಿರ’ ಶಬ್ದವಿಮರ್ಶೆ: ಪುರದ ದೀಪವೂ ನಂದಾದೀವಿಗೆಯೂ

ಪಠ್ಯಪುಸ್ತಕಗಳಲ್ಲಿಯೂ ವೃತ್ತಪತ್ರಿಕೆಗಳಲ್ಲಿಯೂ ಸರ್ಕಾರದ ಪ್ರಕಟಣೆಗಳಲ್ಲಿಯೂ ‘ಸುಸ್ಥಿರ ಶಕ್ತಿ’, ‘ನವೀಕರಿಸಬಹುದಾದ ಇಂಧನ’, ‘ಹವಾಮಾನ ಬದಲಾವಣೆಯ ಉಪಶಮನ’, ‘ಸಮುದಾಯದ ಸಹಭಾಗಿತ್ವ’ ಎಂಬ ಮಾತುಗಳು ಈಗ ಧಾರಾಳವಾಗಿ ಕಂಡುಬರುತ್ತಿರುವುವು. ಇವು ಯಾವ ವಿಷಯವನ್ನು ಕುರಿತವೋ ಆ ವಿಷಯದ ಗೌರವವನ್ನು ಯಾರೂ ಅಲ್ಲಗಳೆಯಲಾರರು. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದ್ದರಿಂದ ವಾಯುಮಂಡಲದಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿ ಭೂಮಿಯ ತಾಪವು ಏರುತ್ತಿರುವುದೆಂಬುದು ಇಂದು ಸಿದ್ಧಾಂತಕ್ಕೆ ಬಂದ ಸಂಗತಿ. ಆದರೆ ವಿಷಯವು ಹಿರಿದೆಂಬ ಮಾತ್ರದಿಂದ ಅದನ್ನು ಹೇಳುವ ಮಾತು ಸಾಧುವಾಗದು. ಈ ಶಬ್ದಗಳನ್ನು ತರಗತಿಯಲ್ಲಿ ವಿವರಿಸಬೇಕಾದವರು ಕನ್ನಡದ ಉಪಾಧ್ಯಾಯರೇ ಆದುದರಿಂದ, ಇವುಗಳ ಯೋಗ್ಯತೆಯನ್ನು ಪರೀಕ್ಷಿಸುವ ಹೊಣೆಯೂ ವಿಜ್ಞಾನಿಗಳಿಗಿಂತ ಮೊದಲು ನಮ್ಮದು.

ಇವುಗಳಲ್ಲಿ ಕೆಲವನ್ನು ಬೇಗನೆ ಮುಗಿಸಬಹುದು. ‘ಹವಾ’ ಅರಬ್ಬಿಯಿಂದ ಬಂದುದು, ‘ಮಾನ’ ಸಂಸ್ಕೃತ. ಅರಿಸಮಾಸವೆಂದು ಇದನ್ನು ಹಳಿಯುವ ಕಾಲ ಕಳೆದುಹೋಯಿತು. ಅದು ನನ್ನ ಆಕ್ಷೇಪವೂ ಅಲ್ಲ. ಭೂಗೋಳದ ಪಠ್ಯಗಳು ದಿನದಿನದ ಬಿಸಿಲು ಮಳೆಗಳಿಗೆ ‘ಹವಾಮಾನ’ವೆಂದೂ, ಬಹುವರ್ಷಗಳ ಸರಾಸರಿಯಿಂದ ಒಂದು ಪ್ರದೇಶಕ್ಕೆ ನಿಶ್ಚಯಿಸಿದ ಸ್ವಭಾವಕ್ಕೆ ‘ವಾಯುಗುಣ’ವೆಂದೂ ಹೆಸರಿಟ್ಟು ಚೊಕ್ಕವಾದ ಭೇದವನ್ನು ಕಲಿಸಿರುವುವು. ವೃತ್ತಪತ್ರಿಕೆಯವರು ಈ ಭೇದವನ್ನು ಅಳಿಸಿ, ಬದಲಾಗುತ್ತಿರುವ ವಾಯುಗುಣಕ್ಕೆ ‘ಹವಾಮಾನ ಬದಲಾವಣೆ’ಯೆಂದು ಬರೆಯುತ್ತಾರೆ. ಹವಾಮಾನವಾದರೋ ನಿನ್ನೆಗೂ ಇಂದಿಗೂ ಬದಲಾಗತಕ್ಕದ್ದೇ. ಅದರಲ್ಲಿ ಭಯಪಡುವುದೇನು ಎಂದು ಹುಡುಗನೊಬ್ಬನು ಕೇಳಿದರೆ ಅವನ ಪ್ರಶ್ನೆಯು ವ್ಯಾಕರಣಶುದ್ಧವಾದುದು. ‘ವಾಯುಗುಣದ ಬದಲಾವಣೆ’ಯೆಂದರೆ ಈ ತೊಡಕಿಲ್ಲ.

‘ಉಪಶಮನ’ದ ದೋಷವು ಇನ್ನೂ ಆಳವಾದುದು. ವಾಯುಗುಣದ ವಿಷಯದಲ್ಲಿ ವಿದ್ವಾಂಸರು ಎರಡು ಬಗೆಯ ಕಾರ್ಯಗಳನ್ನು ವಿಂಗಡಿಸಿರುವರು: ತಾಪಕಾರಕವಾದ ಅನಿಲಗಳನ್ನು ಹೊರಬಿಡುವುದನ್ನೇ ಕಡಮೆಮಾಡುವುದು ಅಥವಾ ಅರಣ್ಯಾದಿಗಳಿಂದ ಅವನ್ನು ಹೀರಿಸುವುದು ಒಂದು, ಆಗಿಯೇ ತೀರುವ ಕೇಡಿಗೆ ನಮ್ಮ ಬಾಳನ್ನು ಹೊಂದಿಸಿಕೊಳ್ಳುವುದು ಇನ್ನೊಂದು. ಉಪಶಮನವೆಂಬ ಹೆಸರನ್ನು ಮೊದಲನೆಯದಕ್ಕೆ ಇಟ್ಟಿರುವರು. ಆದರೆ ವೈದ್ಯಶಾಸ್ತ್ರವನ್ನು ಅಲ್ಪಸ್ವಲ್ಪ ಬಲ್ಲವರಿಗೂ ಶಮನವೆಂದರೆ ಕೆರಳಿದ ದೋಷವನ್ನು ಹೊರಹಾಕದೆ ಇದ್ದಲ್ಲಿಯೇ ಶಾಂತಗೊಳಿಸುವುದೆಂದು ಗೊತ್ತು. ರೋಗಕಾರಣವನ್ನು ಬಿಡುವುದಕ್ಕೆ ಅಲ್ಲಿ ನಿದಾನಪರಿವರ್ಜನವೆಂಬ ಬೇರೊಂದು ಹೆಸರಿದೆ. ಅದನ್ನೇ ಚಿಕಿತ್ಸೆಯ ಮೊದಲ ಮೆಟ್ಟಿಲೆಂದು ಎಣಿಸುವರು. ಹೊಗೆಯನ್ನು ಕಡಮೆಮಾಡುವುದು ನಿದಾನಪರಿವರ್ಜನವೇ ಹೊರತು ಉಪಶಮನವಲ್ಲ. ಉಪಶಮನವೆಂದು ಓದಿದವನು ಉರಿಯ ಮೇಲೆ ಗಂಧ ಹಚ್ಚುವುದನ್ನು ನೆನೆಯುವನು, ಉರಿಯುವುದನ್ನು ನಿಲ್ಲಿಸುವುದನ್ನಲ್ಲ. ಅಷ್ಟು ದೊಡ್ಡ ಸಮಾಸವನ್ನು ಹುಡುಗರ ನಾಲಗೆಗೆ ಕಟ್ಟುವುದು ಬೇಡವೆಂದರೆ ‘ಕಾರಣನಿವಾರಣೆ’ಯೆಂದರೂ ನಡೆದೀತು.

ಇನ್ನು ಮುಖ್ಯವಾದ ‘ಸುಸ್ಥಿರ’. ೧೯೮೭ರಲ್ಲಿ ನಾರ್ವೆದೇಶದ ಬ್ರಂಟ್‌ಲಂಡ್ ಎಂಬ ಮಹಿಳೆಯ ಅಧ್ಯಕ್ಷತೆಯಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ತನ್ನ ವರದಿಯನ್ನು ಪ್ರಕಟಿಸಿದ ಮೇಲೆ ‘ಸಸ್ಟೈನಬಲ್’ ಎಂಬ ಇಂಗ್ಲಿಷ್ ಮಾತು ಲೋಕವ್ಯಾಪಕವಾಯಿತು. ಇಂದಿನವರ ಅಗತ್ಯಗಳು ನೆರವೇರಬೇಕು, ಮುಂದಿನ ತಲೆಯವರ ಅಗತ್ಯಗಳಿಗೆ ಅದರಿಂದ ಭಂಗ ಬರಬಾರದು, ಎಂಬುದು ಅದರ ತಾತ್ಪರ್ಯ. ಆ ಇಂಗ್ಲಿಷ್ ಪದದ ಲ್ಯಾಟಿನ್ ಮೂಲಕ್ಕೆ ಕೆಳಗಿನಿಂದ ಹಿಡಿದೆತ್ತಿ ನಿಲ್ಲಿಸು ಎಂದು ಅರ್ಥ. ಹಿಡಿಯುವುದೆಂದ ಮೇಲೆ ಹಿಡಿಯುವವನೊಬ್ಬನಿರಲೇಬೇಕು. ನಮ್ಮ ಧಾತುಪಾಠವು ‘ಸ್ಥಾ’ಧಾತುವಿಗೆ ಹೇಳುವುದು ಗತಿನಿವೃತ್ತಿ, ಎಂದರೆ ಚಲನೆ ನಿಲ್ಲುವುದು. ಬೆಟ್ಟವು ಸ್ಥಿರ, ಧ್ರುವನಕ್ಷತ್ರವು ಸ್ಥಿರ. ಅವನ್ನು ಯಾರೂ ಹಿಡಿದಿಲ್ಲ. ಆದುದರಿಂದ ಸುಸ್ಥಿರವೆಂಬುದು ಕರ್ತೃನಿರಪೇಕ್ಷವಾದ ವಸ್ತುಧರ್ಮವನ್ನು ಹೇಳುವ ಮಾತಾಯಿತು. ಇಂಗ್ಲಿಷ್ ಪದದ ಹೃದಯಕ್ಕೆ ಹತ್ತಿರವಾದ ಧಾತುಗಳು ಬೇರೆ ಇರುವುವು. ‘ಧಾ’, ‘ಭೃ’ ಎಂಬೆರಡಕ್ಕೂ ಧಾರಣ, ಪೋಷಣ ಎಂಬ ಜೋಡಿ ಅರ್ಥವನ್ನು ವೈಯಾಕರಣರು ಕೊಟ್ಟಿರುವರು. ಹಿಡಿಯುವುದೂ ಉಣಿಸುವುದೂ ಒಂದೇ ಧಾತುವಿನಲ್ಲಿ ಕೂಡಿರುವುದನ್ನು ಗಮನಿಸತಕ್ಕದ್ದು.

ಇದು ಬರಿಯ ಪದಚ್ಛಲವೆಂದು ಕೆಲವರಿಗೆ ತೋರಬಹುದು. ಆದಕಾರಣ ಮಾತನ್ನು ವಸ್ತುವಿನ ಮೇಲೆ ಒರೆಹಚ್ಚಿ ನೋಡೋಣ. ಇದಕ್ಕೆ ತಕ್ಕ ಒರೆಗಲ್ಲು ಬಹುದೂರದಲ್ಲಿಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನಸಂಸ್ಥೆಯಲ್ಲಿ ೧೯೭೪ರಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು, ವಿಜ್ಞಾನವನ್ನು ಹಳ್ಳಿಗಳಿಗೆ ಒದಗಿಸುವ ಉದ್ದೇಶದಿಂದ, ‘ಅಸ್ತ್ರ’ವೆಂಬ ಕೇಂದ್ರವನ್ನು ತೆರೆದರು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದುದರಿಂದ ಬಂದ ಪದವಿದು. ಕೈಬಿಟ್ಟು ಎಸೆಯುವುದು ಅಸ್ತ್ರ, ಕೈಯಲ್ಲಿ ಹಿಡಿದು ಬಳಸುವುದು ಶಸ್ತ್ರ. ಹಳ್ಳಿಯ ಕೆಲಸಕ್ಕೆ ಎರಡನೆಯದೇ ಒಪ್ಪುತ್ತಿತ್ತೆಂದು ನನಗೆ ಅನ್ನಿಸುವುದುಂಟು. ಈಗ ಆ ಕೇಂದ್ರವು ಹೆಸರನ್ನು ಬದಲಿಸಿಕೊಂಡಿದೆ. ಹೊಸ ಹೆಸರಿನಲ್ಲಿ ‘ಸಸ್ಟೈನಬಲ್’ ಎಂಬ ಮಾತೇ ಬಂದು ಕುಳಿತಿದೆ. ಅದಂತಿರಲಿ. ಈ ಕೇಂದ್ರದವರು ಪುರವೆಂಬ, ಆಗ ನೂರು ಮನೆಗಳೂ ಇಲ್ಲದಿದ್ದ ಹಳ್ಳಿಯಲ್ಲಿಯೂ ಅದರ ಸುತ್ತಿನ ಕೆಲವು ಹಳ್ಳಿಗಳಲ್ಲಿಯೂ ಜನರು ಯಾವ ಶಕ್ತಿಯನ್ನು ಯಾವುದಕ್ಕೆ ಬಳಸುವರೆಂದು ಮನೆಮನೆಯ ಲೆಕ್ಕವನ್ನು ಬರೆದರು. ಬಹುಪಾಲು ಸೌದೆಯಿಂದ, ಆ ಸೌದೆಯೂ ಹೆಚ್ಚಾಗಿ ಕೊಂಡುದಲ್ಲ, ಹೆಂಗಸರೂ ಮಕ್ಕಳೂ ಆಯ್ದುತಂದುದು. ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ, ಅದರ ಅನಿಲದಿಂದ ಎಲ್ಲರ ಅಡುಗೆಯನ್ನೂ ನಡೆಸಬೇಕೆಂಬುದು ಮೊದಲ ಯೋಚನೆಯಾಗಿತ್ತು. ಅಷ್ಟಕ್ಕೆ ಸಾಲುವಷ್ಟು ಅನಿಲ ದೊರೆಯಲಿಲ್ಲ. ಊರವರಿಗಾದರೋ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಕೊನೆಗೆ ೧೯೮೭ರಲ್ಲಿ ಅನಿಲವನ್ನು ಎಂಜಿನಿಗೆ ಕೊಟ್ಟು, ಅದರಿಂದ ವಿದ್ಯುತ್ತನ್ನು ಹುಟ್ಟಿಸಿ, ಕೊಳವೆಬಾವಿಯ ನೀರನ್ನು ಬೀದಿಯ ನಲ್ಲಿಗಳಿಗೂ ಬೆಳಕನ್ನು ಮನೆಗಳಿಗೂ ಒದಗಿಸುವ ಏರ್ಪಾಡಾಯಿತು. ಬ್ರಂಟ್‌ಲಂಡ್ ವರದಿಯೂ ಪುರದ ದೀಪವೂ ಒಂದೇ ವರ್ಷದವು.

ಈ ಏರ್ಪಾಡಿನ ಅಂಗಗಳನ್ನು ನೋಡಬೇಕು. ಸಗಣಿಯನ್ನು ಮನೆಯವರು, ಬಹುಮಟ್ಟಿಗೆ ಹೆಂಗಸರು, ಸ್ಥಾವರಕ್ಕೆ ಹೊತ್ತು ತರುವರು, ಅದನ್ನು ತೂಗುವರು, ತಂದುದಕ್ಕೆ ಸ್ವಲ್ಪ ಕೂಲಿಯನ್ನು ಕೊಡುವರು, ಅನಿಲ ತೆಗೆದ ಮೇಲೆ ಉಳಿದ ಬಗ್ಗಡವನ್ನು ಅವರವರು ತಂದ ಪ್ರಮಾಣಕ್ಕೆ ಸರಿಯಾಗಿ ಹಿಂದಿರುಗಿಸುವರು. ಬಗ್ಗಡದಲ್ಲಿ ಗೊಬ್ಬರದ ಸಾರ ಉಳಿದೇ ಇರುವುದರಿಂದ ಹೊಲಕ್ಕೆ ನಷ್ಟವಿಲ್ಲ. ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೀಥೇನು. ನೂರು ವರ್ಷಗಳ ಲೆಕ್ಕದಲ್ಲಿ ಇದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ೨೫ ಪಟ್ಟಿಗೂ ಮೇಲಾಗಿ ತಾಪವನ್ನುಂಟುಮಾಡತಕ್ಕದ್ದು. ಅದನ್ನು ಸೋರಗೊಡದೆ ಉರಿಸಿ, ಮನೆಯ ಸೀಮೆಎಣ್ಣೆಬುಡ್ಡಿಯನ್ನು ಮೂಲೆಗೆ ಸೇರಿಸಿದರೆ ಅದೇ ಕಾರಣನಿವಾರಣೆ. ಎಂಜಿನಿಗೆ ಅನಿಲದೊಡನೆ ಸ್ವಲ್ಪ ಡೀಸಲೂ ಬೇಕಾಗುತ್ತಿತ್ತೆಂಬುದನ್ನು ಮರೆಮಾಡಬೇಕಾಗಿಲ್ಲ. ಸ್ಥಾವರವನ್ನು ನಡೆಸಿದವರು ಊರಿನ ತರುಣರೇ, ಮೇಲ್ವಿಚಾರಣೆ ಊರಸಭೆಯದು.

ಹೊರೆ ಕೂಲಿಗಳ ಈ ಲೆಕ್ಕದಲ್ಲಿ ‘ಸ್ಥಿರ’ವೆನ್ನತಕ್ಕದ್ದು ಎಲ್ಲಿದೆ? ಒಂದು ದಿನ ಸಗಣಿ ಬಾರದಿದ್ದರೆ ನಲ್ಲಿಯಲ್ಲಿ ನೀರಿಲ್ಲ. ಇಲ್ಲಿ ಎಲ್ಲವೂ ಗತಿ, ಗತಿನಿವೃತ್ತಿಯಾದೊಡನೆ ಕತ್ತಲೆ. ಅಮೆರಿಕದ ಜೀವವಿಜ್ಞಾನಿ ಹಾರ್ಡಿನ್ನನು ೧೯೬೮ರಲ್ಲಿ ಗೋಮಾಳವನ್ನು ದೃಷ್ಟಾಂತವಾಗಿಟ್ಟುಕೊಂಡು, ಎಲ್ಲರ ಸೊತ್ತಾದುದು ಒಬ್ಬೊಬ್ಬನ ಲಾಭದಾಸೆಯಿಂದ ಹಾಳಾಗಿಯೇ ತೀರುವುದೆಂದು ವಾದಿಸಿದ್ದನು. ಒಬ್ಬನು ಇನ್ನೊಂದು ದನವನ್ನು ಬಿಟ್ಟರೆ ಲಾಭ ಅವನೊಬ್ಬನದು, ನಷ್ಟ ಎಲ್ಲರಿಗೂ ಹಂಚಿಹೋಗುವುದು. ರೆಡ್ಡಿಯವರು ಪುರದ ಅನುಭವವನ್ನೇ ಇದಕ್ಕೆ ಪ್ರತ್ಯುತ್ತರವಾಗಿ ಮುಂದಿಟ್ಟರು. ಅಲ್ಲಿ ದುರಂತವನ್ನಲ್ಲ, ಸಾಮಾನ್ಯಸ್ವತ್ತಿನ ಅನುಗ್ರಹವನ್ನು ಕಂಡರು. ಒಬ್ಬನು ತನ್ನ ಪಾಲನ್ನು ಸಲ್ಲಿಸದೆ ಸ್ಥಾವರ ನಿಂತರೆ ಕತ್ತಲೆಯು ಅವನ ಮನೆಗೂ ಅಂದೇ ಬರುವುದು. ಊರಿನ ಹಿತವನ್ನು ಮೀರಿದವನಿಗೆ ಸಿಗುವ ಲಾಭಕ್ಕಿಂತ ತಗಲುವ ನಷ್ಟವೇ ಹೆಚ್ಚು. ನ್ಯಾಯಶಾಸ್ತ್ರದ ಬಳಕೆಯಿರುವವರಿಗೆ ಇಲ್ಲಿ ಹಳೆಯ ವಾದವೊಂದು ನೆನಪಾಗುವುದು. ಬೆಂಕಿಯ ಸುಡುವ ಶಕ್ತಿಯೆಂಬುದು ಬೆಂಕಿಗಿಂತ ಬೇರೆಯಾದ ಪದಾರ್ಥವೆಂದು ಮೀಮಾಂಸಕರು. ಬೇರೆ ಶಕ್ತಿಯೇ ಬೇಡ, ತಡೆಯಿಲ್ಲದಿರುವುದೂ ಕಾರಣಸಾಮಗ್ರಿಯಲ್ಲಿ ಸೇರಿದೆಯೆಂದರೆ ಸಾಕೆಂದು ನೈಯಾಯಿಕರು. ಪುರದಲ್ಲಿ ಗೆದ್ದವರು ನೈಯಾಯಿಕರೆನ್ನಬೇಕು. ಶಕ್ತಿಯು ಯಂತ್ರದಲ್ಲಿ ಅಡಗಿದ್ದ ವಸ್ತುವಾಗಿರಲಿಲ್ಲ; ಯಾವ ಮನೆಯೂ ಅಡ್ಡಬಾರದಿದ್ದುದೇ ಬೆಳಕಿನ ಕಾರಣಗಳಲ್ಲಿ ಒಂದಾಗಿತ್ತು.

ಆ ಸ್ಥಾವರವು ಹಲವು ವರ್ಷ ನಡೆದು ಕೊನೆಗೆ ನಿಂತಿತು. ಅದೇ ಜಿಲ್ಲೆಯ ಹೊಸಹಳ್ಳಿಯಲ್ಲಿ, ಊರಿನ ನೆಲದಲ್ಲಿ ಬೆಳೆದ ಮರಗಳ ಸೌದೆಯನ್ನು ಅನಿಲವಾಗಿಸಿ ವಿದ್ಯುತ್ತನ್ನು ಪಡೆಯುವ ಪ್ರಯೋಗವು ೧೯೮೮ರಲ್ಲಿ ಮೊದಲಾಗಿ ಹತ್ತು ವರ್ಷಕ್ಕೂ ಮೀರಿ ನಡೆಯಿತು. ಇವನ್ನು ಸೋತವೆಂದು ತಳ್ಳಿಹಾಕುವವರು ‘ಸುಸ್ಥಿರ’ ಶಬ್ದದ ಮೋಸಕ್ಕೆ ಒಳಗಾದವರು. ಬೆಟ್ಟದಂತೆ ನಿಂತಿರಬೇಕೆಂದು ಎಣಿಸಿದ್ದರಿಂದ, ಹಿಡಿದ ಕೈಗಳು ಯಾವುವು, ಅವು ಏಕೆ ಸಡಿಲಿದುವು ಎಂದು ಕೇಳುವುದಕ್ಕೆ ಅವರಿಗೆ ತೋರುವುದೇ ಇಲ್ಲ.

ಹಾಗಾದರೆ ಹಿಡಿಯುವವನನ್ನು ಹೇಳುವ ಮಾತು ನಮ್ಮಲ್ಲಿಲ್ಲವೇ? ಇದ್ದಿತು, ಶಾಸನಗಳಲ್ಲಿ ನೋಡಬೇಕು. ದೇವಾಲಯಗಳಲ್ಲಿ ಆರದೆ ಉರಿಯಬೇಕಾದ ದೀಪಕ್ಕೆ ‘ನಂದಾದೀವಿಗೆ’ಯೆಂದು ಹೆಸರು. ಇದನ್ನು ಸಂಸ್ಕೃತದ ಆನಂದಾರ್ಥದ ಧಾತುವಿಗೆ ಗಂಟುಹಾಕುವವರಿರುವರು. ‘ನಂದು’ ಎಂಬ ದೇಶ್ಯಧಾತುವಿನ ನಿಷೇಧರೂಪವೆಂದು ತಿಳಿಯುವುದೇ ಸರಳವೂ ಸಮಂಜಸವೂ ಆದುದು. ಈ ದೀಪಕ್ಕಾಗಿ ದತ್ತಿಬಿಟ್ಟವರು ದೀಪವು ಸುಸ್ಥಿರವಾಗಿರಲೆಂದು ಹಾರೈಸಿ ಸುಮ್ಮನಾಗಲಿಲ್ಲ. ಇಷ್ಟು ಗದ್ಯಾಣವನ್ನು ಇಂತಹವರ ಕೈಯಲ್ಲಿಟ್ಟೆವು, ಅಸಲನ್ನು ಮುಟ್ಟದೆ ಬಡ್ಡಿಯಿಂದ ಎಣ್ಣೆಯನ್ನು ಕೊಡತಕ್ಕದ್ದು. ಗಾಣಕ್ಕೆ ಇಷ್ಟು ಸೊಲ್ಲಗೆಯನ್ನು ತೆಲ್ಲಿಗರು ಸಲ್ಲಿಸತಕ್ಕದ್ದು, ಎಂಬ ಬಗೆಯಲ್ಲಿ ಬರೆಸಿದರು. ಅಸಲು, ಹುಟ್ಟುವಳಿ, ಅಳತೆ, ಹೊಣೆಗಾರ ಇವು ನಾಲ್ಕೂ ಕಲ್ಲಿನ ಮೇಲಿರುವುವು.

ನೆರೆಯ ತಮಿಳುನಾಡಿನ ಚೋಳಶಾಸನಗಳಲ್ಲಿ ಈ ವ್ಯವಸ್ಥೆಯು ಇನ್ನೂ ಬಿಗಿಯಾಗಿದೆ. ಅಲ್ಲಿ ಒಂದು ನಂದಾದೀಪಕ್ಕೆ ಸಾಮಾನ್ಯವಾಗಿ ೯೬ ಆಡುಗಳನ್ನು ಬಿಡುವರು (ಅಲ್ಲಿ ಆಡೆಂದರೆ ಕುರಿಯೂ ಆಗುವುದು). ತಂಜಾವೂರಿನ ರಾಜರಾಜನ ದೇವಾಲಯದ ಶಾಸನಗಳು ಅದಕ್ಕೆ ಸಮವಾಗಿ ೪೮ ಹಸುಗಳನ್ನು ಇಲ್ಲವೆ ೧೬ ಎಮ್ಮೆಗಳನ್ನು ಹೇಳುವುವು. ಪ್ರತಿಫಲವಾಗಿ ದಿನಕ್ಕೆ ಒಂದು ಉೞಕ್ಕು ತುಪ್ಪ. ಈ ಹಿಂಡಿಗೆ ಅವರಿಟ್ಟ ಹೆಸರು ‘ಸಾವಾ ಮೂವಾ ಪೇರಾಡು’, ಎಂದರೆ ಸಾಯದ, ಮುಪ್ಪಾಗದ ಹಿರಿಯಾಡು. ಆಡು ಸಾಯದೆ ಇರುವುದುಂಟೇ? ಸತ್ತ ಆಡಿನ ಸ್ಥಾನಕ್ಕೆ ಮರಿಯನ್ನು ತುಂಬಿ ಸಂಖ್ಯೆ ಕುಗ್ಗದಂತೆ ನೋಡಿಕೊಳ್ಳುವುದು ಅದನ್ನು ವಹಿಸಿಕೊಂಡ ಕುರುಬನ ಹೊಣೆ. ಒಂದೊಂದು ಆಡೂ ಸಾಯುವುದು, ಹಿಂಡು ಸಾಯದು. ಬ್ರಂಟ್‌ಲಂಡ್ ಆಯೋಗದವರು ಹೇಳಿದುದೆಲ್ಲವೂ ಈ ಎರಡು ಮಾತುಗಳಲ್ಲಿ, ಅದೂ ಹೊಣೆಗಾರನ ಸಮೇತವಾಗಿ, ಅಡಗಿದೆಯೆಂದರೆ ಉತ್ಪ್ರೇಕ್ಷೆಯಾಗಲಾರದು.

ಇದರಿಂದ ಹಿಂದಿನವರೆಲ್ಲವನ್ನೂ ಮೊದಲೇ ಕಂಡಿದ್ದರೆಂದು ಬೀಗುವವರ ಪಂಕ್ತಿಯಲ್ಲಿ ನನ್ನನ್ನು ಕೂರಿಸಬಾರದು. ಆ ದೀಪ ಗರ್ಭಗುಡಿಯದು. ತುಪ್ಪವನ್ನು ಹೊತ್ತುತಂದವನ ಗುಡಿಸಲಿನದಲ್ಲ. ಶಾಸನದ ಕೊನೆಯಲ್ಲಿ ದತ್ತಿಯನ್ನು ಅಳಿದವನಿಗೆ ಅಂಥ ಘೋರವಾದ ಶಾಪಗಳಿರುವುದೇ ಅಳಿಯುವವರು ಇದ್ದರೆಂಬುದಕ್ಕೆ ಸಾಕ್ಷಿ. ‘ಆಚಂದ್ರಾರ್ಕ’ವೆಂದು ಬರೆಸಿದ ಎಷ್ಟೋ ದೀಪಗಳು ಇಂದು ಉರಿಯುತ್ತಿಲ್ಲ, ಸೂರ್ಯಚಂದ್ರರು ಮಾತ್ರ ಇರುವರು. ಪುರದ ಬೆಳಕು ಮನೆಮನೆಗೆ ಬಂದುದು, ಆ ಅಂಶದಲ್ಲಿ ನಂದಾದೀವಿಗೆಗಿಂತ ಮೇಲಾದುದು. ನಾನು ಹೊಗಳುತ್ತಿರುವುದು ಆ ಕಾಲವನ್ನಲ್ಲ, ಆ ಕಾಲದ ವಾಕ್ಯರಚನೆಯನ್ನು. ಅದರಲ್ಲಿ ಕರ್ತೃಪದ ಲೋಪವಾಗಿಲ್ಲ.

‘ನವೀಕರಿಸಬಹುದಾದ’ ಎಂಬುದರಲ್ಲಿ ಈ ಲೋಪವು ವಿಪರೀತವಾದ ರೂಪವನ್ನು ತಾಳಿದೆ. ಪರವಾನಗಿಯನ್ನು ಕಛೇರಿಯವರು ನವೀಕರಿಸುವರು. ಬಿಸಿಲನ್ನು ನವೀಕರಿಸತಕ್ಕವರು ಯಾರು? ಬಿಸಿಲೂ ಗಾಳಿಯೂ ತಾವಾಗಿಯೇ ಮರಳಿ ಬರುವುವು. ಅವಕ್ಕೆ ‘ಪುನರ್ನವ’ವೆಂಬ ಸೊಗಸಾದ ಶಬ್ದವು ಔಷಧಿಯೊಂದರ ಹೆಸರಾಗಿ ನಮ್ಮಲ್ಲಿದ್ದೇ ಇದೆ. ಸೌದೆ ಸಗಣಿಗಳಾದರೋ ನೆಟ್ಟು ಸಾಕುವವರಿದ್ದರೆ ಮಾತ್ರ ಮರಳಿ ಬರತಕ್ಕವು. ಹೀಗೆ ಕರ್ತೃವು ಬೇಡವಾದಲ್ಲಿ ಅವನನ್ನು ತಂದಿಟ್ಟು, ಬೇಕಾದಲ್ಲಿ ಬಿಟ್ಟಿರುವರು.

ಇನ್ನು ಪೂರ್ವಪಕ್ಷವೊಂದು ಉಳಿಯಿತು. ರೂಢಿಯು ಯೋಗಾರ್ಥಕ್ಕಿಂತ ಪ್ರಬಲವಲ್ಲವೇ? ಪಂಕಜವೆಂದಾಗ ಕೆಸರನ್ನು ನೆನೆಯುವವರಾರು? ‘ಸುಸ್ಥಿರ’ವೂ ಹಾಗೆಯೇ ರೂಢವಾಗಿಹೋಗಿದೆಯೆನ್ನಬಹುದು. ಯೋಗಾರ್ಥವು ಮರೆಯಾದಲ್ಲಿ ಮಾತ್ರ ಈ ಸಮಾಧಾನವು ಸಲ್ಲುವುದು. ಸ್ಥಿರ, ಸ್ಥಿರಾಸ್ತಿ, ಸ್ಥಿರಚಿತ್ತ ಎಂದು ದಿನವೂ ಆಡುವವರ ಕಿವಿಯಲ್ಲಿ ‘ಸ್ಥಿರ’ದ ಅರ್ಥವು ಇನ್ನೂ ಜೀವಂತವಾಗಿರುವುದರಿಂದ, ಅದು ಪ್ರತಿಸಲವೂ ಎದ್ದು ಬಂದು ತಪ್ಪುದಾರಿಗೆ ಎಳೆಯುವುದು. ಆದರೂ ಅಚ್ಚಾದ ಪುಸ್ತಕಗಳನ್ನೆಲ್ಲ ತಿದ್ದಿಸುವ ಹಟ ನನಗಿಲ್ಲ. ಪದವು ಉಳಿಯಲಿ, ಕೋಶಕಾರರು ಅದರ ಮುಂದೆ ‘ಚಿರಕಾಲ ನಿಲ್ಲುವ’ ಎಂದಷ್ಟೇ ಅರ್ಥವನ್ನು ಬರೆಯದೆ, ‘ಹೊಣೆಹೊತ್ತವರು ಅಸಲು ಕುಗ್ಗದಂತೆ ಸಾಕಿಕೊಂಡು ಬರುವ’ ಎಂದು ಬರೆಯಬೇಕು, ಅದಕ್ಕೆ ಪ್ರಯೋಗವನ್ನು ನಂದಾದೀವಿಗೆಯ ಶಾಸನವೊಂದರಿಂದಲೂ, ಎರಡನೆಯದನ್ನು ಪುರದ ವೃತ್ತಾಂತದಿಂದಲೂ ಕೊಡುವುದು ಯುಕ್ತ.