ಟ್ರ್ಯಾಕ್ ಗಾಯನ: ಶ್ರುತಿ ತಪ್ಪಿದ್ದು ಯಾರದು?

ಕಡೂರು ತಾಲ್ಲೂಕಿನ ಸಿಂಗಟಗೆರೆಯಲ್ಲಿ ಒಂದು ಸಂಜೆ ರಸಮಂಜರಿ ಕಾರ್ಯಕ್ರಮವೊಂದನ್ನು ಕೇಳುವ ಅವಕಾಶ ಒದಗಿತ್ತು. ವೇದಿಕೆಯ ಮೇಲೆ ವಾದ್ಯಗಾರರಿರಲಿಲ್ಲ. ಪೆನ್‌ಡ್ರೈವಿನಲ್ಲಿ ತಂದ ಟ್ರ್ಯಾಕುಗಳಿಗೆ ಗಾಯಕರು ದನಿಗೂಡಿಸುತ್ತಿದ್ದರು. ಮೊದಲ ಭಾವಗೀತೆಯ ಟ್ರ್ಯಾಕ್ ಪಿಸುಗುಟ್ಟಿತು. ಮೈಕ್‌ಸೆಟ್ಟಿನವರು ಧ್ವನಿ ಏರಿಸಿದರು. ಅದರ ಬೆನ್ನಿಗೇ ಬಂದ ಚಲನಚಿತ್ರಗೀತೆ ಸಿಡಿಲಿನಂತೆ ಎರಗಿತು. ಅದನ್ನು ಹಾಡಬೇಕಾಗಿದ್ದ ಬಾಲಕಿಯ ದನಿ ಮುಳುಗಿಹೋಯಿತು. ಎರಡನೆಯ ಚರಣಕ್ಕೆ ಶ್ರುತಿಯೂ ತಪ್ಪಿತು. ‘ಹುಡುಗಿಗೆ ಹಾಡಲು ಬರುವುದಿಲ್ಲ’ ಎಂದು ಪಕ್ಕದವರು ತೀರ್ಪಿತ್ತರು. ನಾನದನ್ನು ಒಪ್ಪಲಾರೆ. ಆರಂಭದಲ್ಲಿ ಟ್ರ್ಯಾಕಿಲ್ಲದೆ ಪ್ರಾರ್ಥನಾಗೀತೆ ಹಾಡಿದವಳೂ ಆಕೆಯೇ. ಆಗ ಶ್ರುತಿ ಎಲ್ಲಿಯೂ ಜಾರಿರಲಿಲ್ಲ.

ಎರಡು ಟ್ರ್ಯಾಕುಗಳು ಮೀಟರಿನಲ್ಲಿ ಒಂದೇ ಶಿಖರವನ್ನು ಮುಟ್ಟಿದರೂ ಕಿವಿಗೆ ಸಮನಾಗಿ ಕೇಳಿಸಬೇಕೆಂದಿಲ್ಲ. ಏರಿಳಿತಗಳನ್ನು ಒತ್ತಿ ಸಮತಟ್ಟುಗೊಳಿಸಿದ ಮುದ್ರಣವು ಹೆಚ್ಚು ಗಟ್ಟಿಯಾಗಿ ಕೇಳುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ಕಿವಿಗೆ ತಟ್ಟುವ ಈ ಗಟ್ಟಿತನವನ್ನೇ ಅಳೆಯುವ ಕ್ರಮವೊಂದನ್ನು ಗೊತ್ತುಪಡಿಸಿತು. ಆಡಾಸಿಟಿಯಂತಹ ಉಚಿತ ತಂತ್ರಾಂಶದಲ್ಲೂ ಆ ಅಳತೆ ದೊರೆಯುತ್ತದೆ. ಹಿಂದಿನ ರಾತ್ರಿ ಅರ್ಧ ಗಂಟೆ ಕುಳಿತಿದ್ದರೆ ಎಲ್ಲ ಟ್ರ್ಯಾಕುಗಳನ್ನೂ ಒಂದು ಮಟ್ಟಕ್ಕೆ ತರಬಹುದಿತ್ತು.

ಆದರೆ ಅಳತೆಯೊಂದೇ ಸಾಲದು. ಧ್ವನಿ ಮೆಲ್ಲಗಿದ್ದಾಗ ಮಂದ್ರಸ್ವರಗಳು ಕಿವಿಗೆ ಇನ್ನಷ್ಟು ಕ್ಷೀಣವಾಗಿ ಕೇಳುತ್ತವೆಂದು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಮನೆಯಲ್ಲಿ ಮೆಲ್ಲನೆ ಕೇಳುತ್ತ ಮಂದ್ರವನ್ನು ಹೆಚ್ಚಿಸಿಟ್ಟವರ ಟ್ರ್ಯಾಕ್ ಮೈದಾನದ ದೊಡ್ಡ ಪೆಟ್ಟಿಗೆಗಳಲ್ಲಿ ಗುಡುಗುತ್ತದೆ. ಹಾರ್ನ್ ಸ್ಪೀಕರಿನಲ್ಲಾದರೋ ಮಂದ್ರವು ಬಹುಮಟ್ಟಿಗೆ ಮಾಯವಾಗುತ್ತದೆ. ಅದನ್ನೇ ಶ್ರುತಿಯ ಆಸರೆಯಾಗಿ ನಂಬಿದವರ ಗತಿಯೇನು? ಗಾಯಕರತ್ತ ಮುಖಮಾಡಿದ ಒಂದು ಸ್ಪೀಕರ್ ಕೂಡ ಆ ವೇದಿಕೆಯಲ್ಲಿರಲಿಲ್ಲ. ಬಾಲಕಿಗೆ ತನ್ನ ದನಿಯೇ ಕೇಳಿಸದೆ ಹೋಯಿತು.

ತಬಲದವರಿದ್ದಿದ್ದರೆ ಮಗುವಿನ ಮುಖ ನೋಡಿ ಕೈ ಹಗುರ ಮಾಡುತ್ತಿದ್ದರು. ಟ್ರ್ಯಾಕಿಗೆ ಕಣ್ಣಿಲ್ಲ. (1958ರಲ್ಲಿ ರೋಮಿನಿಂದ ಹೊರಟ ಸಂಗೀತ ಕುರಿತ ಸೂಚನಾಪತ್ರವು ದೈವಾರಾಧನೆಯಲ್ಲಿ ಧ್ವನಿಮುದ್ರಿಕೆಗಳನ್ನು ನಿಷೇಧಿಸಿತ್ತೆಂಬುದನ್ನು ನಮ್ಮ ಗಾಯನವೃಂದಗಳು ನೆನೆಯುವುದು ಒಳಿತು.) ವಾದ್ಯಗಾರರನ್ನು ಕರೆಸಲು ಹಣವಿಲ್ಲದ ಊರುಗಳಲ್ಲಿ ಟ್ರ್ಯಾಕನ್ನು ಹಳಿಯುವುದು ಸುಲಭ, ನಾನು ಹಳಿಯಲಾರೆ. ಆದರೆ ಕಾಣುವ ಕಣ್ಣು, ಕೇಳುವ ಕಿವಿ ಯಾರಾದರೊಬ್ಬರದು ಇರಲೇಬೇಕು. ಜನ ಸೇರುವ ಮುನ್ನ ಆ ಸ್ಪೀಕರುಗಳಲ್ಲಿಯೇ ಅತ್ಯಂತ ಮೆಲುವಾದ ಹಾಡನ್ನೂ ಅತ್ಯಂತ ಅಬ್ಬರದ ಹಾಡನ್ನೂ ಹಾಡಿಸಿ ನೋಡಲಿ. ಮೊದಲು ದನಿಯನ್ನು ನಿಲ್ಲಿಸಿ, ಟ್ರ್ಯಾಕನ್ನು ಅದರ ಕೆಳಗೆ ಕೂರಿಸಲಿ. ಆಮೇಲೆ ದನಿ ಸೋತಿತೆಂದು ಕಂಡರೆ ದನಿಯ ಗುಂಡಿಯನ್ನೇ ತಿರುಗಿಸಲಿ; ಟ್ರ್ಯಾಕಿನ ಗುಂಡಿಯ ಗೊಡವೆ ಬೇಡ.