ಅಸಲಿ ಇತಿಹಾಸಕ್ಕೆ ನಕಲಿ ಪಟವೇಕೆ?

ಕತೆ ಬರೆಯುವವನೂ ಸುಳ್ಳು ಹೇಳುತ್ತಾನೆ. ಆದರೆ ‘ಇದು ಕತೆ’ ಎಂದು ಮೊದಲೇ ತಿಳಿಸಿ, ತನ್ನ ಹೆಸರು ಹಾಕಿಯೇ ಹೇಳುತ್ತಾನೆ. ನಕಲಿ ಶಾಸನ ಬರೆದವನೂ ಒಬ್ಬ ಕತೆಗಾರನೇ. ಆತ ತನ್ನ ಹೆಸರನ್ನು ಅಡಗಿಸಿ ರಾಜನೊಬ್ಬನ ಹೆಸರು ಹಾಕುತ್ತಾನೆ, ಅಷ್ಟೇ ವ್ಯತ್ಯಾಸ. ಹಾಗಾಗಿ ಅಂಥ ಬರಹಗಳನ್ನು ವಿಮರ್ಶಿಸುವ ಹಕ್ಕು ನನ್ನಂಥ ಕತೆಗಾರರಿಗೂ ಇದೆ ಎಂದು ಭಾವಿಸಿದ್ದೇನೆ.

ಶಿವಮೊಗ್ಗ ಸೀಮೆಯಲ್ಲಿ ದೊರೆತ ತಾಮ್ರಪಟವೊಂದರಲ್ಲಿ ಭೂದಾನ ಮಾಡುವವನು ಪಾಂಡವರ ವಂಶದ ಜನಮೇಜಯ. ಸಂದರ್ಭ, ಸರ್ಪಯಾಗ. ಪಟದಲ್ಲಿ ಸೂರ್ಯಗ್ರಹಣದ ಉಲ್ಲೇಖವೂ ಇದೆ. ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ಲೆಕ್ಕ ಹಾಕಿದಾಗ ಆ ಗ್ರಹಣ ಹೊಂದಿಕೊಂಡದ್ದು ಕ್ರಿ.ಶ. 1521ರ ಏಪ್ರಿಲ್ 7ಕ್ಕೆ! ಕತೆಗಾರ ಎಡವಿದ್ದು ವಿವರದಲ್ಲಿ. ಜಮೀನಿನ ಹಕ್ಕಿಗೆ ಮಹಾಭಾರತದ ದೊರೆಯ ಸಾಕ್ಷಿಗಿಂತ ದೊಡ್ಡ ಸಾಕ್ಷಿ ಯಾವುದಿದೆ? ಸುಳ್ಳಿನ ಹಿಂದೆ ಹೆಚ್ಚಾಗಿ ಇಂಥದೊಂದು ಅಗತ್ಯ ಇರುತ್ತದೆ.

ಮಡಿಕೇರಿಯ ತಾಮ್ರಪಟದ ಕತೆ ಇನ್ನೂ ಸೂಕ್ಷ್ಮ. ಗಂಗರ ಅವಿನೀತನ ಹೆಸರಿರುವ ಇದರಲ್ಲಿ 388 ಎಂಬ ವರ್ಷವಿದೆ. ಶಕ ವರ್ಷವೆಂದು ಹಿಡಿದರೆ ಕ್ರಿ.ಶ. 466. ಕನ್ನಡದ ಪ್ರಾಚೀನತೆಗೆ ಎಂಥ ಆಧಾರ! ಆದರೆ ಇದರಲ್ಲಿ ಬರುವ ‘ಅಕಾಲವರ್ಷ’ ಎಂಬುದು ಶತಮಾನಗಳ ನಂತರದ ರಾಷ್ಟ್ರಕೂಟ ದೊರೆಗಳ ಬಿರುದು. ಲಿಪಿಯೂ ಈಚಿನದು. ಗಂಗರ ಅನೇಕ ಪಟಗಳು ನಕಲಿ ಎಂದು ಫ್ಲೀಟ್ ಸಾರಿದಾಗ ಬಿ.ಎಲ್. ರೈಸ್ ಒಪ್ಪಲಿಲ್ಲ. ಇಬ್ಬರೂ ದೊಡ್ಡ ವಿದ್ವಾಂಸರು. ಹಳೆಯ ಪಟ ಹಾಳಾದಾಗ ಮಾಡಿಕೊಂಡ ಪ್ರತಿಗಳೂ ಇರಬಹುದು ಎಂಬ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದರೆ ಕನ್ನಡದ ಮಾನ ಆ ಪಟವನ್ನು ನೆಚ್ಚಿ ಕೂರಬೇಕಾಗಲಿಲ್ಲ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದರು. ಅದರ ಕಾಲ ಸುಮಾರು ಕ್ರಿ.ಶ. 450.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಕೊಲಂಬಸನಿಗಿಂತ ಮೊದಲೇ ವೈಕಿಂಗರು ಅಮೆರಿಕ ತಲುಪಿದ್ದರು ಎಂದು ತೋರಿಸುವ ‘ವಿನ್‌ಲ್ಯಾಂಡ್ ನಕ್ಷೆ’ಯನ್ನು ಯೇಲ್ ವಿಶ್ವವಿದ್ಯಾಲಯ 1965ರಲ್ಲಿ ಸಂಭ್ರಮದಿಂದ ಪ್ರಕಟಿಸಿತು. ಅದರ ಶಾಯಿಯಲ್ಲಿರುವುದು 20ನೆಯ ಶತಮಾನದ ಟೈಟಾನಿಯಂ ಬಣ್ಣ, ಆದ್ದರಿಂದ ನಕ್ಷೆ ನಕಲಿ ಎಂದು 2021ರಲ್ಲಿ ಅದೇ ವಿಶ್ವವಿದ್ಯಾಲಯ ಒಪ್ಪಿಕೊಂಡಿತು. ತಮಾಷೆಯೆಂದರೆ, ವೈಕಿಂಗರು ಅಲ್ಲಿಗೆ ಹೋಗಿದ್ದು ನಿಜ. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಅವರ ಮನೆಗಳ ಅವಶೇಷ 1960ರಲ್ಲೇ ಸಿಕ್ಕಿತ್ತು. ನಿಜಕ್ಕೆ ಸುಳ್ಳಿನ ಊರುಗೋಲು ಬೇಕಿರಲಿಲ್ಲ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಮಾಲಿಕ್ ದೀನಾರ್ ಮತ್ತು ಸಂಗಡಿಗರು 7ನೆಯ ಶತಮಾನದಲ್ಲೇ ಕಟ್ಟಿಸಿದ ಮಸೀದಿಗಳಲ್ಲಿ ಮಂಗಳೂರು ಬಂದರಿನದೂ ಒಂದು ಎಂಬುದು ಹಿರಿಯರಿಂದ ಬಂದ ನಂಬಿಕೆ. ನಂಬಿಕೆ ನಕಲಿಯಲ್ಲ, ಅದು ತಾನು ನಂಬಿಕೆ ಎಂದೇ ಹೇಳಿಕೊಳ್ಳುತ್ತದೆ. ಆದರೆ ಅದಕ್ಕೆ ಪುರಾವೆ ಬೇಕೆಂದು ನಾಳೆ ಯಾರಾದರೂ ಹೊಸ ತಗಡನ್ನು ಹಳತು ಮಾಡಿ ತಂದರೆ? ಅದನ್ನು ಮೊದಲು ಪ್ರಶ್ನಿಸಬೇಕಾದವರು ನಾವೇ. ಪ್ರವಾದಿಯ ಹೆಸರಿನಲ್ಲಿ ಬಂದ ಮಾತನ್ನೂ, ಯಾರಿಂದ ಯಾರಿಗೆ ಬಂತು ಎಂಬ ಸನದನ್ನು ಪರೀಕ್ಷಿಸದೆ ಒಪ್ಪದ ಹದೀಸ್ ವಿದ್ವಾಂಸರ ಪರಂಪರೆ ನಮ್ಮದು. ಬೇರೆಯವರ ತಾಮ್ರಪಟಕ್ಕೆ ಒಂದು ಅಳತೆ, ನಮ್ಮದಕ್ಕೆ ಇನ್ನೊಂದು ಅಳತೆ ಎಂದರೆ ಹೇಗೆ?

ನಮಗೂ ಅಂಥ ಊರುಗೋಲಿನ ಅಗತ್ಯವಿಲ್ಲ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಬೆನ್ ಯಿಜುವಿನ ಪತ್ರಗಳು ಕೈರೋದಲ್ಲಿ ಸಿಕ್ಕಿವೆ. ಅರಬ್ ಕಡಲಿನ ಜೊತೆ ಈ ಊರಿಗಿದ್ದ ವ್ಯಾಪಾರ ಸಂಬಂಧ ಅವುಗಳಲ್ಲಿದೆ. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ ಸುಮಾರು 4000 ಮುಸ್ಲಿಮರು ಇಲ್ಲಿದ್ದರೆಂದು ದಾಖಲಿಸಿದ್ದಾನೆ. ಈ ಮಣ್ಣಿನಲ್ಲಿ ನಮ್ಮ ಬೇರು ಎಷ್ಟು ಆಳವಾಗಿದೆ ಎಂದು ಹೇಳಲು ಇಷ್ಟು ಸಾಲದೇ?

ಒಂದು ನಕಲಿ ಪಟ ಬಯಲಾದ ದಿನ, ಪಕ್ಕದಲ್ಲಿರುವ ಹತ್ತು ಅಸಲಿ ದಾಖಲೆಗಳ ಮೇಲೂ ಸಂಶಯದ ನೆರಳು ಬೀಳುತ್ತದೆ. ನಮ್ಮ ಹಿರಿಯರಿಗೆ ನಾವು ಅಷ್ಟು ಅನ್ಯಾಯ ಮಾಡಬಾರದು.